ಬಣ್ಣ ಕಣ್ಣಿಗೆ ಹತ್ತುವುದಿಲ್ಲ

ಬಣ್ಣದ ಕೇರಿಯಲ್ಲಿ ಯಾರ ಉಗುರು ನೋಡಿದರೂ ಆ ವಾರ ಅವರ ಮನೆಗೆ ಯಾವ ಆರ್ಡರ್ ಬಂದಿದೆ ಎಂದು ಹೇಳಬಹುದು. ನೀಲಿ ಬಂದರೆ ನೀಲಿ, ಕೆಂಪು ಬಂದರೆ ಕೆಂಪು. ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಆ ತಿಂಗಳು ಹಂಡೆಯಮ್ಮನ ಮನೆಗೆ ಹಳದಿ ಬಂದಿತ್ತು.

ಹಂಡೆಯಮ್ಮ ಎಂಬುದು ಕೇರಿಯವರು ಇಟ್ಟ ಹೆಸರು. ಮನೆಯ ಹಿಂದೆ ತಗಡಿನ ಚಾವಣಿ, ಅದರ ಕೆಳಗೆ ಸಾಲಾಗಿ ತಾಮ್ರದ ಹಂಡೆಗಳು, ಅವುಗಳ ನಡುವೆ ಸೌದೆಯ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಓಡಾಡುವ ಮುದುಕಿ. ಗಂಡ ಹೋದ ಮೇಲೆ ನೂಲಿಗೆ ಬಣ್ಣ ಹಾಕುವ ಕೆಲಸವನ್ನು ಒಬ್ಬಳೇ ಎಳೆದು ತಂದವಳು. ಅವಳ ಮಗ ನೂಲು ತರುತ್ತಿದ್ದ, ಬಣ್ಣವಾದ ನೂಲಿನ ಕಟ್ಟುಗಳನ್ನು, ಎಂದರೆ ಲಡಿಗಳನ್ನು, ನೇಯುವವರಿಗೆ ಮುಟ್ಟಿಸುತ್ತಿದ್ದ. ಮಗನ ಹೆಂಡತಿ ಲಡಿಗಳನ್ನು ಕೋಲಿಗೆ ಹಾಕಿ ಹಂಡೆಯಲ್ಲಿ ತಿರುವುತ್ತಿದ್ದಳು. ಅವಳನ್ನು ಕೇರಿಯೆಲ್ಲ ಸೊಸೆ ಎಂದೇ ಕರೆಯುತ್ತಿತ್ತು. ಬಂದು ಇಪ್ಪತ್ತು ವರ್ಷ ದಾಟಿ, ಬೈತಲೆಯಲ್ಲಿ ಬಿಳಿಕೂದಲು ಇಣುಕಿದರೂ ಅವಳು ಸೊಸೆಯೇ.

ಹಳದಿ ಆರ್ಡರ್ ಶುರುವಾದ ಮೇಲೆ ಸೊಸೆಗೆ ಮೈ ಕೆರೆತ ಹತ್ತಿತು. ಅಂಗೈ, ಅಂಗಾಲು, ಬೆನ್ನು. ಕೆರೆದು ಕೆರೆದು ತೋಳಿನ ತುಂಬ ಗೀರು.

"ಬಣ್ಣದ ಅಂಗಡಿಯವನು ಪುಡಿಗೆ ಏನೋ ಕಲಬೆರಕೆ ಮಾಡಿದ್ದಾನೆ ಕಣೇ," ಎಂದಳು ಹಂಡೆಯಮ್ಮ. "ಎಣ್ಣೆ ಹಚ್ಕೊಂಡು ಮಲ್ಕೋ. ಆರ್ಡರ್ ಮುಗಿದ್ರೆ ಕೆರೆತಾನೂ ಮುಗಿಯತ್ತೆ."

ಕೈ ಹಳದಿ, ಮುಖವೂ ಸ್ವಲ್ಪ ಹಳದಿ. ಅದಕ್ಕೇನು? ಹಂಡೆಯಮ್ಮನ ಕೈಯೂ ಹಳದಿಯೇ ಇತ್ತು. ಮಗನ ಕುತ್ತಿಗೆಯ ಹಿಂದೂ ಹಳದಿ. ತಗಡಿನ ಕೆಳಗೆ ಹಬೆಯೇ ಹಳದಿಯಾಗಿ ಕಾಣುತ್ತಿತ್ತು. ಮೂವರಲ್ಲಿ ಒಬ್ಬಳ ಹಳದಿ ಒಳಗಿನಿಂದ ಬರುತ್ತಿದೆ ಎಂದು ಯಾರಿಗೆ ತಾನೇ ಹೊಳೆಯಬೇಕು?

ಸೊಸೆ ತೆಳ್ಳಗಾಗಿದ್ದಳು. ಇದು ಅವಳಿಗೆ ಒಳಗೊಳಗೇ ಖುಷಿ ಕೊಟ್ಟಿತ್ತು. ನಲ್ಲಿಯ ಹತ್ತಿರ ಹೆಂಗಸರು, "ಏನೇ ಗುಟ್ಟು? ಮದುವೆ ಹುಡುಗಿ ಥರ ಆಗಿದ್ದೀಯ!" ಎಂದರೆ, "ಬನ್ನಿ, ನೀವೂ ಹಂಡೆ ಮುಂದೆ ನಿಂತ್ಕೊಳ್ಳಿ, ಕರಗ್ತೀರಿ," ಎನ್ನುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಯಾರೋ ತನ್ನನ್ನು ನೋಡಿದ್ದರು. ಆ ಸಂತೋಷವನ್ನು ಕೆಡಿಸಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಆದ್ದರಿಂದ ಬಚ್ಚಲಲ್ಲಿ ಕಂಡದ್ದನ್ನು ಅಲ್ಲೇ ನೀರು ಸುರಿದು ಬಿಟ್ಟು ಬರುತ್ತಿದ್ದಳು. ಮೂತ್ರ ಹಾಲಿಲ್ಲದ ಟೀಯ ಬಣ್ಣ. ಮಲ ಒದ್ದೆ ಬೂದಿಯಂತೆ ಬಿಳಿಚಿದ್ದು. ನೂರು ಬಣ್ಣಗಳ ಹೆಸರು ಗೊತ್ತಿದ್ದ ಅವಳು ಈ ಎರಡು ಬಣ್ಣಗಳನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದರೆ ಹಂಡೆ ನಿಲ್ಲುತ್ತದೆ. ಹಂಡೆ ನಿಂತರೆ ತನ್ನಿಂದ ನಿಂತಿತು ಎಂದಾಗುತ್ತದೆ.

ಒಂದು ಮಧ್ಯಾಹ್ನ ಲಡಿ ತಿರುವುತ್ತಿದ್ದಾಗ ಅವಳ ಬೆರಳಿನ ಉಂಗುರ ಜಾರಿ ಹಂಡೆಗೆ ಬಿತ್ತು. ಹಂಡೆ ತಣಿದ ಮೇಲೆ ಬಗ್ಗಡದಲ್ಲಿ ಕೈಯಾಡಿಸಿ ತೆಗೆದದ್ದು ಹಂಡೆಯಮ್ಮನೇ. ಉಂಗುರದ ಒಳಸುತ್ತಿಗೆ ರೇಷ್ಮೆ ಎಳೆ ಸುತ್ತಿ ಬಿಗಿಮಾಡಿ ಸೊಸೆಯ ಬೆರಳಿಗೆ ತೊಡಿಸಿದಳು.

"ಊಟ ಸರಿಯಾಗಿ ಮಾಡು. ಉಂಗುರ ನಿಲ್ಲದ ಬೆರಳೂ ಒಂದು ಬೆರಳೇ?"

"ಹಸಿವಾಗಲ್ಲ ಅತ್ತೆ."

"ಹಳದಿ ವಾಸನೆಗೆ. ಮುಗೀಲಿ ಆರ್ಡರ್."

ಕೇರಿಯಲ್ಲಿ ಎರಡು ಮನೆ ಆಚೆ ಒಬ್ಬ ನರ್ಸ್ ಇದ್ದಳು. ದೊಡ್ಡ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಕೆಲಸ. ಎಲ್ಲರಿಗೂ ಅವಳು ನರ್ಸಕ್ಕ. ರಜೆಯ ದಿನ ಬೆಳಗ್ಗೆ ಹಂಡೆಯಮ್ಮನ ಅಂಗಳದಲ್ಲಿ ಕೂತು ಒಂದು ಲೋಟ ಟೀ ಕುಡಿಯುವುದು ಅವಳ ಅಭ್ಯಾಸ. ಆ ದಿನ ಬಂದಾಗ ಸೊಸೆ ಬಿಸಿಲಲ್ಲಿ ಬಿದಿರಿನ ಗಳುಗಳ ಮೇಲೆ ಲಡಿ ಒಣಹಾಕುತ್ತಿದ್ದಳು. ನರ್ಸಕ್ಕ ಲೋಟವನ್ನು ಕೆಳಗಿಟ್ಟು ಎದ್ದಳು.

"ಇಲ್ಲಿ ತಿರುಗು. ಬಿಸಿಲಿಗೆ ಮುಖ ಕೊಡು." ಸೊಸೆಯ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದಳು. "ಕಣ್ಣಿಗೂ ಬಣ್ಣ ಹಾಕ್ತೀಯೇನೇ?"

"ಹಬೆ ತಾಗಿರಬೇಕಕ್ಕಾ."

"ಹಬೆ ತಾಗಿದ್ರೆ ಕೆಂಪಾಗತ್ತೆ. ಹಳದಿ ಆಗಲ್ಲ. ಬಣ್ಣ ಉಗುರಿಗೆ ಹತ್ತತ್ತೆ, ಚರ್ಮಕ್ಕೆ ಹತ್ತತ್ತೆ. ಕಣ್ಣಿಗೆ ಹತ್ತಲ್ಲ ತಾಯೀ."

ಅವಳನ್ನು ಲಡಿಗಳ ಮರೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದಳು. ಮೂತ್ರ ಯಾವ ಬಣ್ಣ? ಮಲ? ಎಷ್ಟು ಇಳಿದಿದ್ದೀಯ? ಸೊಸೆ ಹಳದಿ ನೂಲನ್ನು ನೋಡುತ್ತ ಒಂದೊಂದೇ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ತನಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ಅವಳಿಗೆ ಆಗ ಗೊತ್ತಾಯಿತು.

"ನೋವಿದ್ಯಾ?"

"ಸ್ವಲ್ಪಾನೂ ಇಲ್ಲ ಅಕ್ಕಾ."

"ಅದೇ ನಂಗೆ ಹೆದರಿಕೆ. ನೋವಿಲ್ಲದೆ ಬರೋ ಹಳದಿ ಒಳ್ಳೇದಲ್ಲ," ಎಂದಳು ನರ್ಸಕ್ಕ.

ಹಂಡೆಯಮ್ಮ ಸುದ್ದಿ ಕೇಳಿ ಕೈ ಒದರಿದಳು. "ಕಾಮಾಲೆ ತಾನೆ? ಅದಕ್ಕೆ ಯಾಕಿಷ್ಟು ರಂಪ? ಸಂತೆ ಹತ್ರ ಬೇರಿನ ರಸ ಕೊಡೋನಿದ್ದಾನೆ. ಹತ್ತು ದಿನ ಕುಡಿದ್ರೆ ಇಳಿಯತ್ತೆ."

"ದೊಡ್ಡಮ್ಮಾ, ಕಾಮಾಲೆ ಅನ್ನೋದು ಹೊಗೆ ಇದ್ದ ಹಾಗೆ. ಹೊಗೆ ಕಂಡ್ರೆ ಎಲ್ಲಿ ಉರೀತಿದೆ ಅಂತ ಹುಡುಕಬೇಕು. ಹೊಗೆಗೆ ಬೀಸಣಿಗೆ ಬೀಸ್ತಾ ಕೂತ್ರೆ ಮನೆ ಉಳಿಯತ್ತಾ? ನಾಳೆನೇ ಸ್ಕ್ಯಾನ್ ಆಗಬೇಕು."

ಸ್ಕ್ಯಾನ್ ಆಯಿತು. ಅತ್ತೆ, ಮಗ, ಸೊಸೆ ಮೂವರನ್ನೂ ಡಾಕ್ಟರ್ ತಮ್ಮ ಕೋಣೆಗೆ ಕರೆದರು. ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡುವವರು. ಗಿಡ್ಡಗಿದ್ದ, ಮಾತು ಕಡಿಮೆಯ ಹೆಂಗಸು. ಪರದೆಯ ಮೇಲೆ ಬೂದು ಬಣ್ಣದ ಚಿತ್ರವಿತ್ತು. ಅದರಲ್ಲಿ ಒಂದು ಕಡೆ ಬೆರಳಿಟ್ಟರು.

"ಹೊಟ್ಟೆ ಹಿಂದೆ, ಬೆನ್ನುಮೂಳೆಗೆ ಒರಗಿದ ಹಾಗೆ ಒಂದು ಗ್ರಂಥಿ ಮಲಗಿರತ್ತೆ. ತಿಂದದ್ದನ್ನ ಕರಗಿಸೋ ರಸ ಮಾಡೋದು ಅದು. ಮೈಯಲ್ಲಿ ಸಕ್ಕರೆ ಹಿಡಿತದಲ್ಲಿ ಇಡೋದೂ ಅದೇ. ಅದರ ತಲೆಭಾಗದಲ್ಲಿ ಗಡ್ಡೆ ಬಂದಿದೆ. ಕ್ಯಾನ್ಸರ್ ಗಡ್ಡೆ ಥರಾನೇ ಕಾಣ್ತಿದೆ. ಪಿತ್ತ ಹರಿಯೋ ನಾಳವನ್ನ ಅದು ಒತ್ತಿಬಿಟ್ಟಿದೆ. ಅದಕ್ಕೇ ಕಣ್ಣು ಹಳದಿ, ಮಲ ಬಿಳಿ, ಮೈ ಕೆರೆತ."

ಡಾಕ್ಟರ್ ಬೆರಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು.

"ಪಕ್ಕದಲ್ಲೇ ದೊಡ್ಡ ರಕ್ತನಾಳಗಳಿವೆ, ನೋಡಿ. ಗಡ್ಡೆ ಇನ್ನೂ ಅವನ್ನ ಮುಟ್ಟಿಲ್ಲ. ಮುಟ್ಟಿ ಸುತ್ಕೊಂಡ್ರೆ ತೆಗೆಯೋದು ಕಷ್ಟ, ಎಷ್ಟೋ ಸಲ ಆಗೋದೇ ಇಲ್ಲ. ಹೆಚ್ಚಿನವರು ಇಲ್ಲಿಗೆ ಬರೋದೇ ಅದು ಹರಡಿದ ಮೇಲೆ. ನೀವು ಮೊದಲೇ ಬಂದಿದ್ದೀರಿ. ಬರೋ ವಾರ ಆಪರೇಷನ್ ಮಾಡೋಣ. ತಡ ಮಾಡಬಾರದು."

ಹಂಡೆಯಮ್ಮ ಅಷ್ಟು ಹೊತ್ತೂ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದಳು. "ಏನಂದ್ರಿ ಆ ಗ್ರಂಥಿ ಹೆಸರು?"

"ಮೇದೋಜೀರಕ ಗ್ರಂಥಿ."

ಹಂಡೆಯಮ್ಮ ಎದ್ದಳು.  ಸೊಸೆಯ ರಟ್ಟೆ ಹಿಡಿದು, "ಏಳೇ. ನಡಿ ಮನೆಗೆ," ಎಂದಳು. ಬಾಗಿಲಲ್ಲಿ ತಿರುಗಿ ಡಾಕ್ಟರಿಗೆ, "ಒಬ್ಬರನ್ನ ಕೊಟ್ಟಿದ್ದೀನಮ್ಮಾ. ಇನ್ನೊಬ್ಬರನ್ನ ಕೊಡಲ್ಲ," ಎಂದಳು.

ಮನೆಗೆ ಬಂದವಳೇ ಹಂಡೆಯಮ್ಮ ಒಲೆ ಹಚ್ಚಿದಳು.  ಮಗ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ.

"ಅಮ್ಮ ಬೇಡ ಅಂತಾಳೆ. ಡಾಕ್ಟರ್ ಬೇಕು ಅಂತಾರೆ. ಕತ್ತಿ ಬಿದ್ದು ಗಾಳಿ ತಾಗಿದ್ರೆ ಗಡ್ಡೆ ಮೈಯೆಲ್ಲ ಹರಡತ್ತೆ ಅಂತ ನೂಲಿನ ಅಂಗಡಿಯವನು ಹೇಳ್ದ. ನಾನೇನು ಮಾಡ್ಲಿ ಹೇಳು?"

ಸೊಸೆ ಅವನ ಮುಖ ನೋಡಿದಳು. ಅವನು ಕೇಳಿದ ಪ್ರಶ್ನೆ ತಾನು ಏನು ಮಾಡಬೇಕು ಎಂದು. ನೀನೇನು ಮಾಡುತ್ತೀಯ ಎಂದು ಕೇಳಿರಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಈ ಮನೆಯಲ್ಲಿ ಯಾವ ಬಣ್ಣ ಯಾವ ಹಂಡೆಗೆ ಎಂದು ಕೂಡ ಅವಳನ್ನು ಯಾರೂ ಕೇಳಿರಲಿಲ್ಲ. ಅವಳೂ ಅದನ್ನು ಗಮನಿಸಿರಲಿಲ್ಲ. ಈಗ ಗಮನಿಸಿದಳು. ಬೆರಳಿನ ಉಂಗುರ ಎಳೆ ಸುತ್ತಿದ ಮೇಲೂ ಮತ್ತೆ ಸಡಿಲಾಗಿತ್ತು. ರಕ್ತನಾಳದ ಪಕ್ಕ ಕೂತಿರುವ ಆ ಗಡ್ಡೆ ಈ ಹೊತ್ತಿಗೆ ಎಷ್ಟು ಹತ್ತಿರ ಸರಿದಿರಬಹುದು ಎಂದು ಯೋಚಿಸುತ್ತ ಲಡಿ ಹಿಂಡಿದಳು.

ಸಂಜೆ ಕೆಲಸ ಮುಗಿಸಿ ನರ್ಸಕ್ಕ ನೇರ ಹಂಡೆಗಳ ಹತ್ತಿರ ಬಂದಳು. ಹಂಡೆಯಮ್ಮ ಹಸಿ ರೇಷ್ಮೆಯನ್ನು ಸಾಬೂನು, ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಅಂಟು ಬಿಡಿಸುತ್ತಿದ್ದಳು.

"ಬಂದ್ಯಾ ವಕಾಲತ್ತಿಗೆ?"

"ಟೀಗೆ ಬಂದೆ ದೊಡ್ಡಮ್ಮಾ."

"ಟೀ ಕೊಡ್ತೀನಿ. ಸೊಸೇನ ಕೊಡಲ್ಲ."

ನರ್ಸಕ್ಕ ಸೌದೆಯ ರಾಶಿಯ ಮೇಲೆ ಕೂತಳು.  ಸುಮ್ಮನೆ ಕೂತವರ ಮುಂದೆ ಹಂಡೆಯಮ್ಮನಿಗೆ ಸುಮ್ಮನಿರಲು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ನಮ್ಮ ಮನೆಯವರಿಗೂ ಹೀಗೇ ಆಗಿತ್ತು," ಎಂದಳು ಹಂಡೆಯಮ್ಮ ಕೊನೆಗೆ. "ಇದೇ ಹಳದಿ. ಇದೇ ಗ್ರಂಥಿ. ಆಗ ಮನೇಲಿ ಎಲ್ಲರೂ ಕೊಯ್ಸೋದು ಬೇಡ ಅಂದ್ರು. ನಾನೊಬ್ಳೇ ಹೂಂ ಅಂದೆ. ಅವರು ನನ್ನ ಮುಖ ನೋಡಿ ತಾವೂ ಹೂಂ ಅಂದ್ರು. ನಡ್ಕೊಂಡೇ ಒಳಗೆ ಹೋದ್ರು. ಆಮೇಲೆ ಮಾತೂ ಆಡಿದ್ರು. ಹಂಡೆ ಕೆಳಗೆ ಬೆಂಕಿ ಇದ್ಯಾ ಅಂತ ಕೇಳಿದ್ರು. ಎರಡು ದಿನ ಕಳೀತು, ಜ್ವರ ಬಂತು. ಒಳಗೆ ಹೊಲಿಗೆ ಬಿಟ್ಕೊಂಡಿತ್ತಂತೆ. ಹೊಟ್ಟೆ ಹಂಡೆ ಥರ ಉಬ್ಬಿತು." ಕೋಲಿನಿಂದ ರೇಷ್ಮೆಯನ್ನು ಒಮ್ಮೆ ಒತ್ತಿದಳು. "ಅವರಮ್ಮ ಸಾಯೋ ತನಕ ನನ್ನ ಕೈಯಿಂದ ಒಂದು ಲೋಟ ನೀರು ಇಸ್ಕೊಳ್ಳಲಿಲ್ಲ."

ಲಡಿಗಳ ಆಚೆ ನಿಂತಿದ್ದ ಸೊಸೆಯ ಕೈ ಅಲ್ಲೇ ನಿಂತಿತು. ಮಾವ ಕಾಯಿಲೆಯಿಂದ ಹೋದರು ಎಂದಷ್ಟೇ ಅವಳಿಗೆ ಗೊತ್ತಿತ್ತು. ಅತ್ತೆ ಯಾಕೆ ಯಾವುದಕ್ಕೂ ಸುಲಭವಾಗಿ ಹೂಂ ಎನ್ನುವುದಿಲ್ಲ ಎಂಬುದು ಈಗ ಗೊತ್ತಾಯಿತು.

"ದೊಡ್ಡಮ್ಮಾ," ಎಂದಳು ನರ್ಸಕ್ಕ, "ಆ ಗ್ರಂಥಿಯ ರಸದ ಕೆಲಸವೇ ಮಾಂಸ ಕರಗಿಸೋದು. ಹೊಲಿಗೆಯಿಂದ ಹನಿ ಹನಿ ಆಚೆ ಸೋರಿದ್ರೂ ನಮ್ಮ ಮೈನೇ ತಿನ್ನತ್ತೆ. ಅದಕ್ಕೇ ನೂರು ವರ್ಷದ ಹಿಂದೆ ಡಾಕ್ಟರುಗಳು ಆ ಜಾಗಕ್ಕೆ ಕತ್ತಿ ಹಾಕೋಕೇ ಹೆದರ್ತಿದ್ರು. ಧೈರ್ಯ ಮಾಡಿದವರ ರೋಗಿಗಳೂ ಹೆಚ್ಚು ದಿನ ಉಳೀತಿರಲಿಲ್ಲ. ಆಗ ಒಳಗೆ ಹೊಲೀತಿದ್ದದ್ದು ಯಾವ ದಾರದಲ್ಲಿ ಗೊತ್ತಾ? ಕುರಿ ಕರುಳಿಂದ ಮಾಡಿದ ದಾರ."

ಹಂಡೆಯಮ್ಮನ ಕೋಲು ನಿಂತಿತು. "ಮಾಂಸ ತಿನ್ನೋ ರಸಕ್ಕೆ ಮಾಂಸದ ದಾರಾನಾ? ನರಿ ಮುಂದೆ ಕೋಳಿ ಕಟ್ಟಿದ ಹಾಗಾಯ್ತು!"

"ಅದು ಗೊತ್ತಾಗೋಕೆ ಜೀವಗಳು ಹೋದವು. ತೊಂಬತ್ತು ವರ್ಷದ ಹಿಂದೆ ಒಬ್ಬ ಡಾಕ್ಟರ ರೋಗಿಗೆ ಆ ದಾರ ಕರಗಿ, ಹೊಲಿಗೆ ಬಿಟ್ಟು, ಜೀವ ಹೋಯ್ತು. ಮುಂದಿನವರಿಗೆ ಅವರು ರೇಷ್ಮೆ ದಾರ ಹಾಕಿದ್ರು. ನಿಂತಿತು."

"ರೇಷ್ಮೆ ಏನು ಮಹಾ ಗಟ್ಟಿ? ಅದೂ ಹುಳದ್ದೇ ತಾನೆ. ಇದೇ ಹಂಡೇಲಿ ಸೋಡಾ ಖಾರ ಜಾಸ್ತಿಯಾಗಿ, ಎಳೆ ಕರಗಿ, ಎಷ್ಟು ಲಡಿ ಕಳ್ಕೊಂಡಿದ್ದೀನಿ ನಾನು!"

"ಈಗ ಅದನ್ನೂ ಬಿಟ್ಟಿದ್ದಾರೆ. ಕಾರ್ಖಾನೆ ದಾರ, ಕೂದಲಷ್ಟು ಸಣ್ಣ. ಆ ರಸಕ್ಕೆ ಬಗ್ಗಲ್ಲ." ನರ್ಸಕ್ಕ ಮುಂದಕ್ಕೆ ಬಾಗಿದಳು. "ಇನ್ನೊಂದು ಕಷ್ಟ ಇತ್ತು. ಕಾಮಾಲೆ ಆದವರಿಗೆ ರಕ್ತ ಬೇಗ ಹೆಪ್ಪುಗಟ್ಟಲ್ಲ. ಅದಕ್ಕೆ ಆಗೆಲ್ಲ ಎರಡು ಸಲ ಕೊಯ್ತಿದ್ರು. ಮೊದಲು ಪಿತ್ತಕ್ಕೆ ದಾರಿ ಮಾಡೋದು, ಕಾಮಾಲೆ ಇಳಿದ ಮೇಲೆ ಗಡ್ಡೆ ತೆಗೆಯೋದು. ಆಮೇಲೆ ರಕ್ತ ಹೆಪ್ಪುಗಟ್ಟಿಸೋ ವಿಟಮಿನ್ ಸೂಜಿ ಬಂತು, ಒಂದೇ ಸಲಕ್ಕೆ ಮುಗಿಸೋ ಹಾಗಾಯ್ತು. ಅಷ್ಟಾದ್ರೂ ಐವತ್ತು ಅರವತ್ತು ವರ್ಷದ ಹಿಂದೆ ನಾಲ್ವರಲ್ಲಿ ಒಬ್ಬರು ಮನೆಗೆ ವಾಪಸ್ ಬರ್ತಿರಲಿಲ್ಲ. ಈ ಆಪರೇಷನ್ನೇ ಬೇಡ ಅಂದ ಡಾಕ್ಟರುಗಳೂ ಇದ್ರು. ದೊಡ್ಡಪ್ಪನ ಕಾಲದಲ್ಲೂ, ಅಪರೂಪಕ್ಕೆ ಒಂದು ಮಾಡೋ ಆಸ್ಪತ್ರೆಗಳಲ್ಲಿ ಹಾಗೇ ಇತ್ತು. ನೀವು ಹೂಂ ಅಂದಿದ್ದಕ್ಕೆ ಅವರು ಹೋಗಲಿಲ್ಲ. ಆಗ ಇದ್ದ ದಾರಿ ಅದೊಂದೇ, ಅದನ್ನ ನೀವು ಹಿಡಿದ್ರಿ."

ಹಂಡೆಯಮ್ಮ ಕೋಲನ್ನು ಹಂಡೆಯ ಅಂಚಿಗೆ ಒರಗಿಸಿದಳು. "ಈಗ?" ಎಂದಳು.

"ಇದನ್ನೇ ಮಾಡಿ ಮಾಡಿ ಕೈ ಪಳಗಿದ ಕಡೆ, ನೂರು ಜನದಲ್ಲಿ ಮೂರೋ ನಾಲ್ಕೋ ಜನದ ಜೀವ ಹೋಗತ್ತೆ. ಯಾರೂ ಹೋಗಲ್ಲ ಅಂತ ಸುಳ್ಳು ಹೇಳಲ್ಲ. ಹೊಲಿಗೆ ಸೋರೋದು ಈಗಲೂ ಉಂಟು. ಆದ್ರೆ ಸೋರಿದ್ರೆ ಗೊತ್ತಾಗತ್ತೆ. ಕಾಯೋ ಜನ ಇದ್ದಾರೆ."

"ಕೊಯ್ದರೆ ಗಾಳಿ ತಾಗಿ ಹರಡತ್ತಂತಲ್ಲ?" ಮಗ ಬಾಗಿಲಲ್ಲಿ ನಿಂತು ಕೇಳಿದ.

"ಗಾಳಿಗೆ ಹರಡೋ ಕಾಯಿಲೆ ಅಲ್ಲಪ್ಪ ಅದು. ಬಿಟ್ಟರೆ ಹರಡೋ ಕಾಯಿಲೆ."

ಹಂಡೆಯಮ್ಮ ತಲೆ ಅಲ್ಲಾಡಿಸಿದಳು. "ನೀನು ಹೇಳಿದ್ದೆಲ್ಲ ಸರಿ ಇರಬಹುದು ಮಗಾ. ಆದ್ರೆ ನನ್ನ ಬಾಯಲ್ಲಿ ಇನ್ನೊಂದು ಸಲ ಹೂಂ ಅಂತ ಬರಲ್ಲ. ಬರಲ್ಲ ಅಷ್ಟೇ."

ಆಗ ಸೊಸೆ ಲಡಿಗಳನ್ನು ಸರಿಸಿಕೊಂಡು ಈಚೆ ಬಂದಳು. ಅವಳ ಧ್ವನಿ ಅವಳಿಗೇ ಹೊಸದಾಗಿ ಕೇಳಿಸಿತು.

"ನಿಮ್ಮನ್ನ ಯಾರು ಹೂಂ ಅನ್ನಿ ಅಂದ್ರು ಅತ್ತೆ? ಹೊಟ್ಟೆ ನಂದು. ನೀವು ಬೇಡ ಅಂದ್ರಿ, ಇವರು ಏನು ಮಾಡ್ಲಿ ಅಂದ್ರು, ಅಂಗಡಿಯವನೂ ಒಂದು ಮಾತು ಹೇಳ್ದ. ನನ್ನನ್ನ ಯಾರಾದ್ರೂ ಕೇಳಿದ್ರಾ?"

ಅವಳು ಕೈಯ ನೀರನ್ನು ಸೆರಗಿಗೆ ಒರೆಸಿಕೊಂಡಳು.

"ನಂಗೆ ಹೆದರಿಕೆ ಆಗತ್ತೆ. ಆದ್ರೂ ಮಾಡಿಸ್ಕೋತೀನಿ. ಈ ಸಲ ಹೂಂ ಅನ್ನೋಳು ನಾನು. ಹೆಚ್ಚುಕಮ್ಮಿ ಆದ್ರೆ ಆ ಹೂಂ ನಂದು, ನಿಮ್ಮದಲ್ಲ. ಇವರೆಲ್ಲರ ಮುಂದೆ ಹೇಳ್ತಿದ್ದೀನಿ."

ಹಂಡೆಯಮ್ಮ ಒಲೆಯ ಕಡೆ ನೋಡುತ್ತ ಕೂತಳು. ಆಮೇಲೆ ಒಂದೊಂದೇ ಕೊಳ್ಳಿಯನ್ನು ಹೊರಗೆಳೆದು ನೀರು ಹಾಕಿ ಆರಿಸಿದಳು. "ಹಾಗಾದ್ರೆ ಆ ಡಾಕ್ಟರನ್ನ ನಾನು ನಾಲ್ಕು ಮಾತು ಕೇಳಬೇಕು," ಎಂದಳು.

ಮರುದಿನವೇ ಕೇಳಿದಳು. ಡಾಕ್ಟರ ಮುಂದೆ ಕುರ್ಚಿಯ ತುದಿಯಲ್ಲಿ ಕೂತು, ನೂಲಿನ ವ್ಯಾಪಾರ ಮಾಡುವವಳಂತೆ.

"ಇದೇ ಆಪರೇಷನ್ ವರ್ಷಕ್ಕೆ ಎಷ್ಟು ಮಾಡ್ತೀರಿ?"

"ವಾರಕ್ಕೊಂದಾದ್ರೂ ಇರತ್ತೆ."

"ಹೊಲಿಗೆ ಸೋರಿದ್ರೆ?"

"ಸೋರಬಹುದು. ಅದಕ್ಕೇ ಒಳಗೆ ಕೊಳವೆ ಇಟ್ಟಿರ್ತೀವಿ. ಅದರಲ್ಲಿ ಬರೋ ನೀರನ್ನ ದಿನಾ ನೋಡ್ತೀವಿ, ಪರೀಕ್ಷೆ ಮಾಡ್ತೀವಿ."

"ಯಾವ ಹೊತ್ತಲ್ಲಾದ್ರೂ ನೋಡೋರು ಇರ್ತಾರಾ?"

"ಇರ್ತಾರೆ. ಸ್ಕ್ಯಾನ್ ಮಾಡೋರೂ ಇರ್ತಾರೆ, ರಕ್ತವೂ ಇರತ್ತೆ." ಡಾಕ್ಟರ್ ಸ್ವಲ್ಪ ನಕ್ಕರು. "ಎಲ್ಲರೂ ಖರ್ಚು ಎಷ್ಟು ಅಂತ ಕೇಳ್ತಾರೆ. ಇದನ್ನ ಕೇಳೋರು ಕಡಿಮೆ. ಕೇಳಲೇಬೇಕಾದ್ದು ಇದೇ."

ಆಪರೇಷನ್ ದಿನ ಒಳಗೆ ಹೋಗುವ ಮುಂಚೆ ಸೊಸೆ ಉಂಗುರ ತೆಗೆದು ಅತ್ತೆಯ ಕೈಗೆ ಕೊಟ್ಟಳು. ಹಂಡೆಯಮ್ಮ ಅದನ್ನು ಮುಷ್ಟಿಯೊಳಗೆ ಇಟ್ಟುಕೊಂಡು ಬೆಂಚಿನ ಮೇಲೆ ಕೂತಳು. ಬೆಳಗ್ಗೆ ಮುಚ್ಚಿದ ಬಾಗಿಲು ಮಧ್ಯಾಹ್ನವಾದರೂ ತೆರೆಯಲಿಲ್ಲ. ಮಗ ಟೀ ತಂದಿಟ್ಟ; ಅದರ ಮೇಲೆ ಕೆನೆ ಕಟ್ಟಿತು. ಬಿಸಿಲು ಕಿಟಕಿಯಿಂದ ಕಿಟಕಿಗೆ ಸರಿಯಿತು. ಬಾಗಿಲು ಅಲುಗಿದಾಗಲೆಲ್ಲ ಹಂಡೆಯಮ್ಮ ಎದ್ದು ನಿಲ್ಲುತ್ತಿದ್ದಳು, ಬೇರೆ ಯಾರೋ ಬಂದರೆ ಕೂರುತ್ತಿದ್ದಳು. ಮುಷ್ಟಿ ಮಾತ್ರ ಬಿಚ್ಚಲಿಲ್ಲ.

ಸಂಜೆಗೆ ಡಾಕ್ಟರ್ ಬಂದರು. "ಗಡ್ಡೆ ತೆಗೆದಿದ್ದೀವಿ. ರಕ್ತನಾಳಕ್ಕೆ ಅಂಟಿರಲಿಲ್ಲ. ಇನ್ನು ಕಾಯಬೇಕು."

ಮರುದಿನ ಸೊಸೆ ಕಣ್ಣು ಬಿಟ್ಟಳು. ತುಟಿ ಒಣಗಿತ್ತು. ಅತ್ತೆ ಬಗ್ಗಿದಳು.

"ಹಂಡೆ?" ಎಂದಳು ಸೊಸೆ. "ಬೆಂಕಿ ಇದ್ಯಾ?"

 ಗಂಡ ಆಡಿದ್ದ ಅದೇ ಮಾತು. ಅದೇ ಹೊತ್ತಿನಲ್ಲಿ, ಅಂಥದೇ ಮಂಚದಿಂದ. ಹಂಡೆಯಮ್ಮ ಮಂಚದ ಕಂಬಿ ಹಿಡಿದುಕೊಂಡಳು.

"ಆರಿಸಿ ಬಂದಿದ್ದೀನಿ," ಎಂದಳು. "ನೀನು ಬಂದೇ ಹಚ್ಚೋದು. ಅಲ್ಲೀ ತನಕ ಹಚ್ಚಲ್ಲ."

ಅಂದಿನಿಂದ ಅವಳ ಕಣ್ಣು ಸೊಸೆಯ ಮುಖಕ್ಕಿಂತ ಮಂಚದ ಪಕ್ಕದ ಕೊಳವೆ ಮತ್ತು ಅದರ ಚೀಲದ ಮೇಲೇ ಹೆಚ್ಚು ಇತ್ತು. ಮೊದಲು ತೆಳುಗೆಂಪು. ಆಮೇಲೆ ಒಣಹುಲ್ಲಿನ ಬಣ್ಣ. ಒಳ್ಳೆಯದು ಎಂದರು ನರ್ಸುಗಳು. ಒಂದು ಬೆಳಗ್ಗೆ ಕೊಳವೆಯೊಳಗೆ ಬೂದಿ ಬೆರೆತ ಕಂದು ಬಣ್ಣ ಕಂಡಿತು, ಹಂಡೆ ತೊಳೆದ ನೀರಿನ ಹಾಗೆ. ಹಂಡೆಯಮ್ಮ ನೋಡಿದಳು. ತಕ್ಷಣ ಅವಳ ಮನಸ್ಸು ಹೇಳಿದ್ದು: ಏನಿಲ್ಲ, ಕಿಟಕಿಯ ಬೆಳಕಿಗೆ ಹಾಗೆ ಕಾಣುತ್ತದೆ.

ಆಮೇಲೆ ಅವಳಿಗೆ ತನ್ನ ಮನಸ್ಸಿನ ಮೇಲೇ ಸಿಟ್ಟು ಬಂತು. ಹಳದಿ ಪುಡಿಯ ಕಲಬೆರಕೆ ಎಂದದ್ದೂ ಇದೇ ಮನಸ್ಸು. ಚೀಲವನ್ನು ಎಳೆಯದೆ, ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿ ಬೆಳಕು ಬಿಟ್ಟು ಮತ್ತೆ ನೋಡಿದಳು. ಬಣ್ಣ ಬದಲಾಗಲಿಲ್ಲ.

"ಸಿಸ್ಟರ್! ಯಾರಾದ್ರೂ ಬನ್ನಿ!" ಅವಳ ಕೂಗಿಗೆ ಇಡೀ ವಾರ್ಡ್ ತಿರುಗಿತು.

ನರ್ಸ್ ಓಡಿ ಬಂದಳು. "ನೋಡಿದ್ದೀವಮ್ಮಾ. ಆಗಲೇ ಪರೀಕ್ಷೆಗೆ ಕಳಿಸಿದ್ದೀವಿ. ಕರೆದಿದ್ದು ಒಳ್ಳೇದಾಯ್ತು, ಹೀಗೇ ಕರೀಬೇಕು."

ಮಧ್ಯಾಹ್ನಕ್ಕೆ ಜ್ವರ ಏರಿತು. ಸೊಸೆಯ ಹಲ್ಲು ಕಟಕಟ ಎನ್ನುತ್ತಿತ್ತು. ಮಗ ಗೋಡೆಗೆ ಹಣೆ ಒತ್ತಿ ನಿಂತ. ಹಂಡೆಯಮ್ಮನಿಗೆ ಮುಂದೇನು ಎಂದು ಗೊತ್ತಿತ್ತು. ಹೊಟ್ಟೆ ಉಬ್ಬುತ್ತದೆ, ಮಾತು ನಿಲ್ಲುತ್ತದೆ, ಒಂದು ಬಿಳಿ ಬಟ್ಟೆ ಬರುತ್ತದೆ. ಅವಳು ಸೊಸೆಯ ಪಾದಗಳನ್ನು ಎರಡು ಕೈಯಲ್ಲಿ ಹಿಡಿದು ಕೂತಳು, ಯಾರೋ ಎಳೆದುಕೊಂಡು ಹೋಗುವವರಿದ್ದಾರೆ ಎಂಬಂತೆ.

ಬಂದದ್ದು ಡಾಕ್ಟರ್. "ಹೊಲಿಗೆ ಸೋರ್ತಿದೆ. ನಿಮ್ಮಿಂದ ಮುಚ್ಚಿಡಲ್ಲ. ಸ್ಕ್ಯಾನಲ್ಲಿ ನೋಡಿದ್ವಿ, ಒಂದು ಕಡೆ ರಸ ನಿಂತಿದೆ. ಚಿತ್ರ ನೋಡ್ಕೊಂಡೇ ಹೊರಗಿಂದ ಸೂಜಿ ಹಾಕಿ ಅದನ್ನ ತೆಗೀತೀವಿ. ಇನ್ನೊಂದು ಕೊಳವೆ ಇಡ್ತೀವಿ. ಸದ್ಯಕ್ಕೆ ಮತ್ತೆ ಹೊಟ್ಟೆ ಕೊಯ್ಯೋದು ಬೇಕಿಲ್ಲ. ಹೊಲಿಗೆ ತಾನಾಗೇ ಕೂಡ್ಕೊಳ್ಳೋಕೆ ಸಮಯ ಕೊಡೋಣ."

ಮಂಚವನ್ನು ತಳ್ಳಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ತಳ್ಳಿಕೊಂಡು ಬಂದರು. ಹಂಡೆಯಮ್ಮ ಮತ್ತೆ ಪಾದ ಹಿಡಿದುಕೊಂಡಳು. ಬಿಸಿ ಇತ್ತು. ಸಂಜೆಯಾದರೂ ಇತ್ತು. ಆಮೇಲೆ, ಒಲೆ ಆರಿದ ಮೇಲೆ ಹಂಡೆಯ ಮೈ ತಣಿಯುವ ಹಾಗೆ, ಅರಿವಾಗದಷ್ಟು ನಿಧಾನವಾಗಿ ಬಿಸಿ ಇಳಿಯತೊಡಗಿತು. ಬೆಳಗ್ಗೆ ಸೊಸೆ, "ಅತ್ತೇ, ಕಾಲು ಬಿಡಿ, ಜೋಮು ಹಿಡಿದಿದೆ," ಎಂದಳು.

ಆಗ ಹಂಡೆಯಮ್ಮ ಅತ್ತಳು. ಆ ಅಳುವಿನಲ್ಲಿ ಸೊಸೆ ಇದ್ದಳು. ಅವಳಿಗಿಂತ ಹೆಚ್ಚಾಗಿ ಗಂಡ ಇದ್ದ. ಅವನ ಹೊಟ್ಟೆಯಲ್ಲಿ ನಿಂತ ರಸವನ್ನು ನೋಡುವ ಕಣ್ಣು ಆ ದಿನ ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಅದನ್ನು ತೆಗೆಯುವ ಸೂಜಿ ಇರಲಿಲ್ಲ. ಅಷ್ಟೇ. ಅವಳ ಹೂಂನಲ್ಲಿ ಯಾವ ತಪ್ಪೂ ಇರಲಿಲ್ಲ. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಆ ಒಂದು ಅಕ್ಷರವನ್ನು ಅವಳು ಸೊಸೆಯ ಮಂಚದ ಪಕ್ಕ ಕೂತು ಇಳಿಸಿಕೊಂಡಳು.

ಸೊಸೆ ಮನೆಗೆ ಬರಲು ಹೆಚ್ಚು ದಿನಗಳೇ ಹಿಡಿದವು. ಈಗ ಪ್ರತಿ ಊಟದ ಜೊತೆ, ಆ ಗ್ರಂಥಿ ಮಾಡುತ್ತಿದ್ದ ರಸದ ಬದಲಿಗೆ ಒಂದು ಮಾತ್ರೆ ನುಂಗುತ್ತಾಳೆ. ಮೈಯಲ್ಲಿ ಎಲ್ಲಾದರೂ ಕಾಯಿಲೆಯ ಚೂರು ಉಳಿದಿದ್ದರೆ ಎಂದು ಕೀಮೋ ಔಷಧಿ ನಡೆಯುತ್ತಿದೆ. ಪೂರ್ತಿ ವಾಸಿಯಾಯಿತು ಎಂದು ಡಾಕ್ಟರ್ ಹೇಳಿಲ್ಲ. ಸರಿಯಾದ ಹೊತ್ತಿಗೆ ತೆಗೆದೆವು ಎಂದಿದ್ದಾರೆ. ಉಂಗುರ ಇನ್ನೂ ಸಡಿಲ. "ಇನ್ನೆರಡು ಸುತ್ತು ಎಳೆ ಹಾಕಿದ್ರಾಯ್ತು," ಎಂದು ಹಂಡೆಯಮ್ಮ ತಾನೇ ಸುತ್ತಿಕೊಟ್ಟಳು. ಮತ್ತೆ ಕೆಲಸ ಶುರುವಾದ ಮೊದಲ ದಿನ ಸೌದೆಗೆ ಬೆಂಕಿ ಹಚ್ಚಿದ್ದು ಸೊಸೆ. ಯಾವ ಹಂಡೆಗೆ ಯಾವ ಬಣ್ಣ ಎಂದು ಅವಳನ್ನೇ ಕೇಳಿದರು.

ಈಗ ಕೇರಿಯಲ್ಲಿ ಒಂದು ಹೊಸ ರೂಢಿ. ಕೆಲಸ ಶುರುವಾಗುವ ಮುಂಚೆ ಹಂಡೆಯಮ್ಮ ಸಿಕ್ಕಿದವರನ್ನೆಲ್ಲ ಬಿಸಿಲಿಗೆ ಎಳೆದು ರೆಪ್ಪೆ ಬಿಡಿಸಿ ನೋಡುತ್ತಾಳೆ. "ನಮ್ಮ ಕಣ್ಣಲ್ಲಿ ಏನು ಹುಡುಕ್ತೀಯಜ್ಜಿ, ಹುಡುಗೀನಾ?" ಎಂದು ನೂಲಿನ ಗಾಡಿಯವನು ಕೇಳಿದರೆ, "ಹುಡುಗಿ ಸಿಕ್ಕಿದ್ರೆ ನಿನ್ನ ಹೆಂಡ್ತಿಗೆ ಹೇಳ್ತೀನಿ, ಹಳದಿ ಸಿಕ್ಕಿದ್ರೆ ಡಾಕ್ಟರಿಗೆ ಹೇಳ್ತೀನಿ. ಬಿಡು ಕಣ್ಣ!" ಎನ್ನುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಮ್ಮ, ಅಣ್ಣ, ನಿಮ್ಮ ಮನೆಯಲ್ಲಿ ಬಣ್ಣದ ಹಂಡೆ ಇರಲಿಕ್ಕಿಲ್ಲ. ಆದರೆ ಒಂದು ನೆಪ ಇದ್ದೇ ಇರುತ್ತದೆ: ಬಿಸಿಲು, ದಣಿವು, ವಯಸ್ಸು, ಕೆಲಸ. ನೋವಿಲ್ಲದೆ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿ ಮಲ ಬಿಳಿಚಿದರೆ, ಕಾರಣವಿಲ್ಲದೆ ಮೈ ಇಳಿಯುತ್ತ ಕೆರೆತ ಹತ್ತಿದರೆ, ನಡುವಯಸ್ಸು ದಾಟಿದ ಮೇಲೆ ಸಕ್ಕರೆ ಕಾಯಿಲೆ ಹೊಸದಾಗಿ ಬಂದು ಜೊತೆಗೇ ತೂಕವೂ ಬಿದ್ದರೆ, ಬೇರಿನ ರಸಕ್ಕೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಎಲ್ಲವೂ ಈ ಕಾಯಿಲೆಯೇ ಆಗಿರಬೇಕೆಂದಿಲ್ಲ. ಆದರೆ ಯಾವುದೆಂದು ತಿಳಿಯಲೇಬೇಕು. ಆಪರೇಷನ್ ಬೇಕೆಂದರೆ, ಇಲ್ಲಿ ಇದನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ, ಆಮೇಲೆ ಕಾಯುವವರು ಯಾರು ಎಂದು ನಾಚಿಕೆಯಿಲ್ಲದೆ ಕೇಳಿ. ಎಂದೋ ಒಬ್ಬರು ಹೋದರು ಎಂದು ಇಂದು ಇನ್ನೊಬ್ಬರಿಗೆ ಬಾಗಿಲು ಮುಚ್ಚಬೇಡಿ. ಕಾಯಿಲೆಯಾದವಳನ್ನು, ನಿನಗೇನು ಬೇಕು ಎಂದು ಮೊದಲು ಕೇಳಿ.

ಮತ್ತು ನಾಳೆ ಬೆಳಗ್ಗೆ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಆ ಹೆಂಗಸನ್ನು ಒಂದು ಗಳಿಗೆ ಅಂಗಳದ ಬಿಸಿಲಿಗೆ ಕರೆಯಿರಿ. ಅವಳ ಕಣ್ಣನ್ನು ನೋಡಿ. ಆ ಹೆಂಗಸು ನೀವೇ ಆಗಿದ್ದರೆ, ಕನ್ನಡಿ ಹಿಡಿದು ನೀವೇ ಹೋಗಿ ನಿಲ್ಲಿ.